ಎಂಟು, ಎರಡು, ಪೈಪು, ಏಳು

ಗ್ರೇಟರ್ ನೋಯ್ಡಾದ ನಮ್ಮ ಮನೆಯ ಬಾಲ್ಕನಿಯಲ್ಲಿ ಬಾಗಿದ ಉಕ್ಕಿನ ಪೈಪುಗಳ ಒಂದು ಸಾಮಾನು ಇದೆ. ಬಂದವರೆಲ್ಲ ಅದನ್ನು ಬಟ್ಟೆ ಒಣಗಿಸುವ ಸ್ಟ್ಯಾಂಡು ಎಂದುಕೊಳ್ಳುತ್ತಾರೆ. ನನ್ನ ಹೆಂಡತಿ ಶಾರದೆಯೂ ಅದರ ಮೇಲೆ ನೆಲ ಒರಸುವ ಬಟ್ಟೆ, ನನ್ನ ಬನಿಯನ್ನು, ಹಳೆಯ ಟವೆಲ್ಲು ಎಲ್ಲವನ್ನೂ ಹರವಿ ಆ ತಪ್ಪು ತಿಳಿವಳಿಕೆಯನ್ನು ಚೆನ್ನಾಗಿ ಸಾಕಿಕೊಂಡು ಬಂದಿದ್ದಾಳೆ. ಮೊನ್ನೆ ಅದನ್ನು ಕಬಾಡಿವಾಲಾನಿಗೆ ಹಾಕಿಬಿಡೋಣ ಎಂದಳು. ಹಳೆ ಪೇಪರಿನ ಭಯ್ಯಾ ಅದನ್ನು ಎತ್ತಿ, ತಿರುಗಿಸಿ, "ಯೇ ಹೈ ಕ್ಯಾ ಚೀಜ್, ಸಾಬ್?" ಎಂದು ಕೇಳಿದ. ಏನಿದು ಎಂದು ಹೇಳಲು ಹೊರಟ ನಾನು ಅರ್ಧ ಗಂಟೆ ಮಾತಾಡಿದೆ. ಅವನು ಪೇಪರನ್ನೂ ತೂಗದೆ ಹೊರಟುಹೋದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಮಗೆ ಅವನಷ್ಟು ಅವಸರವಿರಲಾರದು.

ಅದು ಕಾರಿನ ಗಾರ್ಡು. ಕಾರಿನ ಮೂತಿಗೆ ಪೆಟ್ಟು ಬೀಳದಿರಲೆಂದು ಬಂಪರಿನ ಮುಂದೆ ಬಿಗಿಸುತ್ತಿದ್ದ ಪೈಪುಗಳ ಕಟ್ಟು. ನಾವು ಆಗ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿತ್ತು. ಸೆಕೆಂಡ್ ಹ್ಯಾಂಡ್ ಸಣ್ಣ ಬಿಳಿ ಕಾರೊಂದನ್ನು ಕೊಂಡು, ಭಾನುವಾರ ಬೆಳಗ್ಗೆ ಅದನ್ನು ತೊಳೆಯುವುದೇ ದೊಡ್ಡ ಪುರುಷಾರ್ಥ ಎಂದುಕೊಂಡಿದ್ದೆ.

ದಿಲ್ಲಿಯಲ್ಲಿ ಕಾರು ಇಟ್ಟವರಿಗೆ ಅಲ್ಲಿನ ಪಾರ್ಕಿಂಗ್ ಪದ್ಧತಿ ಗೊತ್ತು. ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕು ಹಾಕದೆ ಹೋಗಬೇಕು. ಪಾರ್ಕಿಂಗಿನವನು ತನಗೆ ಬೇಕಾದಂತೆ ಅದನ್ನು ಹಿಂದೆ ಮುಂದೆ ತಳ್ಳಿಕೊಳ್ಳುತ್ತಾನೆ. ನೀವು ಮರದ ಕೆಳಗೆ ನಿಲ್ಲಿಸಿದ ಗಾಡಿ ನೀವು ಬರುವ ಹೊತ್ತಿಗೆ ಬಿಸಿಲಿಗೆ ಬಂದಿರುತ್ತದೆ, ದಾರಿಯಲ್ಲಿ ನಾಲ್ಕು ಗಾಡಿಗಳ ಪರಿಚಯವನ್ನೂ ಮಾಡಿಕೊಂಡಿರುತ್ತದೆ. ಪರಿಚಯದ ಗುರುತೆಲ್ಲ ಬಂಪರಿನ ಮೇಲೆ ಮೂಡುತ್ತದೆ. ಇಂಥ ಮೂರನೆಯ ಗುರುತು ಬಿದ್ದ ದಿನ ನಾನು ಹಟ ಹಿಡಿದು ಈ ಗಾರ್ಡು ಹಾಕಿಸಿಕೊಂಡು ಬಂದೆ. ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದು, ತಲೆದೂಗಿ, "ಅಬ್ ಟ್ರಕ್ ಭೀ ಡರೇಗಾ" ಎಂದ. ಲಾರಿಯೂ ಹೆದರುತ್ತದೆ ಎಂಬ ಮಾತು ನನಗೆ ಬಹಳ ಹಿಡಿಸಿತು. ಕಚೇರಿಯಲ್ಲಿ ನನಗೆ ಪ್ಯೂನ್ ಕೂಡ ಹೆದರುತ್ತಿರಲಿಲ್ಲ.

ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹಕ್ಕೆ ತಿಂಗಳಿಗೊಮ್ಮೆ ಊಟಕ್ಕೆ ಹೋಗುತ್ತಿದ್ದೆವು. ಅಲ್ಲಿ ಸಿಗುತ್ತಿದ್ದ ಕೊಡಗಿನ ಮೇಜರ್ ಒಬ್ಬರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದೇನ್ರೀ, ಗಡಿಗೆ ಹೊರಟಿದೀರಾ?" ಎಂದರು. ಆಮೇಲೆ ಮುಂದೆ ಬಗ್ಗಿ ನೋಡಿ, "ನಂಬರೇ ಪೂರ್ತಿ ಕಾಣ್ಸಲ್ವಲ್ಲ" ಎಂದರು. ನಾನು ನಕ್ಕು ಮಾತು ಹಾರಿಸಿದೆ.

ಕಾಣಿಸುತ್ತಿರಲಿಲ್ಲ ಎಂಬುದು ನಿಜ. ಗಾರ್ಡಿನ ಎರಡು ನೆಟ್ಟನೆಯ ಪೈಪುಗಳಲ್ಲಿ ಎಡಗಡೆಯದು ನಂಬರ್ ಪ್ಲೇಟಿನ ಮೊದಲ ಅಕ್ಷರಗಳ ಮೇಲೆ ಕೂತಿತ್ತು. ಬಲಗಡೆಯದು ಕೊನೆಯ ನಾಲ್ಕು ಅಂಕಿಗಳಲ್ಲಿ ಮೂರನೆಯದನ್ನು ಪೂರ್ತಿಯಾಗಿ ನುಂಗಿಬಿಟ್ಟಿತ್ತು. ನಮ್ಮ ಗಾಡಿಯ ನಂಬರು ಎಂಟು ಎರಡು ಆರು ಏಳು. ಎದುರಿಗೆ ನಿಂತವರಿಗೆ ಎಂಟು, ಎರಡು, ಒಂದು ಹೊಳೆಯುವ ಪೈಪು, ಆಮೇಲೆ ಏಳು ಕಾಣುತ್ತಿತ್ತು.

ಇನ್ನು ನಾಚಿಕೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ನಾನು ಕೆಲಸ ಮಾಡುತ್ತಿದ್ದುದು ವಾಹನಗಳ ನಿಯಮದ ಕಾಗದಗಳು ಓಡಾಡುವ ಒಂದು ಸರ್ಕಾರಿ ಕಚೇರಿಯಲ್ಲಿ. ನಂಬರ್ ಪ್ಲೇಟಿನ ಯಾವ ಅಕ್ಷರವೂ ಯಾವ ಅಂಕಿಯೂ ಅಲಂಕಾರದಿಂದಾಗಲಿ, ಮೇಲೆ ಜೋಡಿಸಿದ ಸಾಮಾನಿನಿಂದಾಗಲಿ ಮರೆಯಾಗಕೂಡದು ಎಂದು ಜ್ಞಾಪನೆ ಕಳಿಸುವ ಫೈಲು ನನ್ನ ಮೇಜಿನ ಮೇಲೇ ಇತ್ತು. ಕಾಮಾ ಎಲ್ಲಿ ಬರಬೇಕು, "ಆಗಲಿ" ಎಷ್ಟು ಸಲ ಬರಬೇಕು ಎಂದು ಒಂದು ವಾರ ತಲೆ ಕೆಡಿಸಿಕೊಂಡವನು ನಾನೇ. ಸಂಜೆ ಆ ಫೈಲಿಗೆ ದಾರ ಕಟ್ಟಿ, ಕೆಳಗಿಳಿದು, ಗಾರ್ಡು ಹಾಕಿದ ಗಾಡಿ ಹತ್ತಿ ಮನೆಗೆ ಹೋಗುತ್ತಿದ್ದೆ. ಫೈಲಿನಲ್ಲಿರುವ ಕಾನೂನು ಬೇರೆಯವರಿಗೆ ಎಂಬ ನಂಬಿಕೆ ನನ್ನಲ್ಲಿ ಅದೆಷ್ಟು ಗಟ್ಟಿಯಾಗಿತ್ತೆಂದರೆ, ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ಒಂದು ದಿನವೂ ಅನಿಸಲಿಲ್ಲ.

ಇದು ವಂಶಪಾರಂಪರ್ಯವಾಗಿ ಬಂದದ್ದೂ ಇರಬಹುದು. ನಾನು ಚಿಕ್ಕವನಿದ್ದಾಗ ದಾವಣಗೆರೆಯಲ್ಲಿ ಸೈಕಲ್ಲಿಗೂ ಮುನಿಸಿಪಾಲಿಟಿಯ ಬಿಲ್ಲೆ ಇರಬೇಕಿತ್ತು. ತಗಡಿನ ಸಣ್ಣ ಬಿಲ್ಲೆ, ವರ್ಷಕ್ಕೊಂದು ಆಕಾರ. ಒಂದು ವರ್ಷ ದುಂಡಗೆ, ಇನ್ನೊಂದು ವರ್ಷ ಮೂರು ಮೂಲೆ. ನಮ್ಮಪ್ಪ ಪ್ರೈಮರಿ ಶಾಲೆಯ ಮೇಷ್ಟರು, ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವವರು. ಹೊಸ ಬಿಲ್ಲೆ ಹಾಕಿಸಲು ಅವರಿಗೆ ಪ್ರತಿವರ್ಷ ಮರೆತುಹೋಗುತ್ತಿತ್ತು. ನೆನಪಾದಾಗ ಹ್ಯಾಂಡಲ್ಲಿಗೆ ಬಣ್ಣದ ದಾರದ ಕುಚ್ಚು ಕಟ್ಟುತ್ತಿದ್ದರು. ಕುಚ್ಚು ಸರಿಯಾಗಿ ಹಳೆಯ ವರ್ಷದ ಬಿಲ್ಲೆಯ ಮೇಲೆ ಇಳಿಬೀಳುತ್ತಿತ್ತು. "ಮೇಷ್ಟ್ರ ಸೈಕಲ್ಲು ಮದುವಣಗಿತ್ತಿ ಇದ್ದಂಗೈತಲ್ಲ" ಎಂದು ಬಿಲ್ಲೆ ನೋಡುವ ಜವಾನನೇ ನಕ್ಕು ಬಿಟ್ಟುಬಿಡುತ್ತಿದ್ದ. ಹಿಂದೆ ಕ್ಯಾರಿಯರಿನ ಮೇಲೆ ಕೂತ ನಾನು ಅಪ್ಪನ ಬೆನ್ನಿಗೆ ಮುಖ ಒತ್ತಿಕೊಂಡಿರುತ್ತಿದ್ದೆ. ಅವರ ಬೆನ್ನು ಆಗ ಸ್ವಲ್ಪ ಬಿಗಿಯಾಗುತ್ತಿತ್ತು, ಜವಾನ ಹಿಂದೆ ಉಳಿದಮೇಲೆ ಸಡಿಲವಾಗುತ್ತಿತ್ತು. ಅವರು ಏನೋ ಬಚ್ಚಿಟ್ಟಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಎಲ್ಲಿಗೋ ಹೋದೆ. ನಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ಚಿನ್ನುವಿಗೆ ಆಗ ನಾಲ್ಕೂವರೆ ವರ್ಷ. ದಿಲ್ಲಿಯಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಹಿಂದಿಯಲ್ಲಿ. "ಹಾಲು ಕುಡೀ" ಎಂದರೆ "ನಹೀಂ ಪೀನಾ" ಎನ್ನುತ್ತಿದ್ದಳು. ಊರಿಂದ ನನ್ನ ಅಮ್ಮ ಫೋನ್ ಮಾಡಿದರೆ ಮೊಮ್ಮಗಳು ಅಚ್ಛಾ, ಅಚ್ಛಾ ಎಂದು ತಲೆಯಾಡಿಸುವಳು. ಅಮ್ಮನಿಗೆ ತಲೆಯಾಡಿಸಿದ್ದು ಕಾಣದು, ಅಚ್ಛಾ ತಿಳಿಯದು. ಫೋನು ನನ್ನ ಕೈಗೆ ಬಂದಾಗ ಅಮ್ಮ, "ಅದೇನೋ ಸೀನ್ತದಲ್ಲೋ ಕೂಸು, ನೆಗಡಿಯಾ?" ಎಂದು ಕೇಳುತ್ತಿದ್ದಳು. ನನಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಹಾಗಾಗಿ ಕನ್ನಡ ಪಾಠ ಶುರು ಮಾಡಿದೆ. ಪುಸ್ತಕ ತೆಗೆದರೆ ಓಡಿಹೋಗುತ್ತಿದ್ದಳು. ಗಾಡಿ ತೊಳೆಯುವಾಗ ಮಾತ್ರ ಬಂದು ಕೂರುತ್ತಿದ್ದಳು. ನಮ್ಮದು ನೆಲಮಹಡಿಯ ಮನೆ. ಗಾಡಿಯ ಹಿಂಭಾಗ ಮೆಹಂದಿ ಬೇಲಿಗೆ ಒತ್ತಿ, ಮೂತಿ ನಮ್ಮ ಮೆಟ್ಟಿಲ ಕಡೆಗೆ ಇರುವಂತೆ ನಿಲ್ಲಿಸುತ್ತಿದ್ದೆ. ಕೊನೆಯ ಮೆಟ್ಟಿಲ ಮೇಲೆ ಕೂತರೆ ನಂಬರ್ ಪ್ಲೇಟು ಸರಿಯಾಗಿ ಅವಳ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ಒದ್ದೆ ಬಟ್ಟೆಯಿಂದ ಒಂದೊಂದೇ ಅಂಕಿ ಒರಸುತ್ತಾ, "ಇದು ಎಂಟು, ಇದು ಎರಡು" ಎಂದು ಹೇಳಿಕೊಟ್ಟೆ. ಪೈಪು ಬಂತು. "ಯೇ?" ಎಂದು ಬೆರಳಿಟ್ಟಳು. ಒಳಗೆ ಬಟ್ಟೆ ತೂರಿಸುವ ಪರದಾಟದಲ್ಲಿದ್ದ ನಾನು, "ಅದು ಪೈಪು" ಎಂದೆ. "ಇದು ಏಳು."

ಎಂಟು, ಎರಡು, ಪೈಪು, ಏಳು. ಒಂದೇ ಬೆಳಗ್ಗೆ ಬಾಯಿಪಾಠವಾಯಿತು. ಉಳಿದ ಅಂಕಿಗಳನ್ನು ಶಾರದೆ ಅಡುಗೆಮನೆಯಲ್ಲಿ ಕಲಿಸಿದಳು. ತಿಂಗಳೊಳಗೆ ಚಿನ್ನು ಒಂದರಿಂದ ಹತ್ತರವರೆಗೆ ಎಣಿಸತೊಡಗಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಪೈಪು, ಏಳು, ಎಂಟು. ಶಾರದೆ ತಿದ್ದಲು ಹೋದರೆ, "ಅಪ್ಪಾ ನೇ ಬತಾಯಾ" ಎನ್ನುತ್ತಿದ್ದಳು. ಅಪ್ಪ ಹೇಳಿದ್ದಾನೆ ಎಂದಮೇಲೆ ಮುಗಿಯಿತು. ನನಗೆ ಅದು ಎಷ್ಟು ಮುದ್ದಾಗಿ ಕಂಡಿತೆಂದರೆ, ತಿದ್ದುವುದು ಬೇಡ ಎಂದು ನಾನೇ ತಡೆದೆ. ಮನೆಗೆ ಬಂದವರ ಮುಂದೆ ಎಣಿಸಲು ಹೇಳಿ, ಪೈಪು ಬಂದ ತಕ್ಷಣ ಎಲ್ಲರ ಜೊತೆ ನಗುತ್ತಿದ್ದೆ. ಎಲ್ಲರೂ ನಕ್ಕಾಗ ಅವಳೂ ನಗುತ್ತಿದ್ದಳು, ಯಾಕೆಂದು ತಿಳಿಯದೆ.

ಅದೇ ದಿನಗಳಲ್ಲಿ ಶಾರದೆ ಅವಳಿಗೆ ಇನ್ನೊಂದು ಪಾಠ ಮಾಡಿದ್ದಳು. ಎಲ್ಲಾದರೂ ಕಳೆದುಹೋದರೆ ಅಳಬಾರದು, ಪೊಲೀಸ್ ಅಂಕಲ್ ಹತ್ತಿರ ಹೋಗಿ ನಮ್ಮ ಗಾಡಿಯ ನಂಬರು ಹೇಳಬೇಕು. ಮನೆಯ ಫೋನ್ ನಂಬರು ಉದ್ದ, ನಡುವೆ ತಪ್ಪಿಹೋಗುತ್ತಿತ್ತು. ಗಾಡಿಯದು ಅವಳಿಗೆ ನಿದ್ದೆಯಲ್ಲೂ ಬರುತ್ತಿತ್ತು.

ಚಳಿ ಶುರುವಾಗಿದ್ದ ಒಂದು ಭಾನುವಾರ ಅತಿಥಿಗೃಹದಲ್ಲಿ ಊಟ ಮುಗಿಸಿ ಬರುವಾಗ, ಮಗಳಿಗೆ ಸ್ವೆಟರ್ ಕೊಳ್ಳಲು ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಇಳಿದೆವು. ಆ ಮಾರ್ಕೆಟ್ಟಿನಲ್ಲಿ ಭಾನುವಾರ ನಾವು ನಡೆಯುವುದೆಂಬುದಿಲ್ಲ, ಜನ ನಮ್ಮನ್ನು ಸಾಗಿಸುತ್ತಾರೆ. ಶಾರದೆ ಒಂದು ಗುಡ್ಡೆಯ ಮುಂದೆ ಕೂತು ಸ್ವೆಟರುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಪಕ್ಕದಲ್ಲಿ ಬೆಲ್ಟು ಮಾರುವವನ ಮುಂದೆ ನಾನು ನಿಂತೆ. ನನಗೆ ಬೆಲ್ಟು ಬೇಕಿರಲಿಲ್ಲ.

"ಚಿನ್ನು ಎಲ್ರೀ?" ಎಂದಳು ಶಾರದೆ.

"ನಿನ್ನ ಹತ್ರ ಇದ್ಲಲ್ಲ?"

"ನಿಮ್ಮ ಕೈ ಹಿಡ್ಕೊಂಡಿದ್ಲು!"

ಆ ಕ್ಷಣದ ಬಗ್ಗೆ ನನಗೆ ಲಘುವಾಗಿ ಬರೆಯಲು ಬರುವುದಿಲ್ಲ. ಸುತ್ತ ಬರೀ ಸೊಂಟಗಳು, ಚೀಲಗಳು. ಅವಳ ಎತ್ತರಕ್ಕೆ ಬಗ್ಗಿ ನೋಡಿದರೆ ಬರೀ ಕಾಲುಗಳು. ಕೆಂಪು ಫ್ರಾಕು ತೊಟ್ಟಿದ್ದಳು. ಎಲ್ಲಿ ನೋಡಿದರೂ ಕೆಂಪು ಬಟ್ಟೆಯೇ ನೇತಾಡುತ್ತಿತ್ತು. ನಾನು ಒಂದು ಕಡೆ, ಶಾರದೆ ಒಂದು ಕಡೆ ಕೂಗುತ್ತಾ ಓಡಿದೆವು. ಐದು ನಿಮಿಷವಾಯಿತೋ ಹತ್ತಾಯಿತೋ.

ಅಷ್ಟರಲ್ಲಿ ಮಾರ್ಕೆಟ್ಟಿನ ಪೊಲೀಸ್ ಬೂತಿನ ಮೈಕು ಗರಗರ ಎಂದಿತು. ಹುಡುಗಿಯೊಬ್ಬಳು ಸಿಕ್ಕಿದ್ದಾಳೆ ಎಂಬುದನ್ನು ಕೇಳಿ ಹೋದ ಜೀವ ಬಂದಂತಾಯಿತು. ಆದರೆ ಮುಂದೆ ಅದು, ಈ ಮಗು ತನ್ನ ನಾಲ್ಕು ಜನ ಅಣ್ಣ ಅಕ್ಕಂದಿರ ಜೊತೆ ಬಂದಿದೆ ಎಂದು ಹಿಂದಿಯಲ್ಲಿ ಹೇಳಿ, ಅವರ ಹೆಸರು ಕೂಗಿತು. ಹೆಸರುಗಳು ಗದ್ದಲದಲ್ಲಿ ಕೇಳಿಸಲಿಲ್ಲ. ನಮ್ಮದು ಒಂದೇ ಕೂಸು. ಅದು ಬೇರೆ ಯಾರದೋ ಮಗು ಎಂದುಕೊಂಡು ಇನ್ನೊಂದು ಗಲ್ಲಿಗೆ ನುಗ್ಗಿದೆ. ಬೂತಿಗೆ ಬೆನ್ನು ಹಾಕಿ ಓಡಿದೆ.

ಶಾರದೆ ಹಿಂದಿನಿಂದ ಬಂದು ನನ್ನ ಅಂಗಿ ಹಿಡಿದು ಎಳೆದಳು. "ನಿಂತ್ಕೊಳ್ರೀ! ಕೇಳ್ರೀ!" ನಿಮ್ಮ ತಂಗಿ ಇಲ್ಲಿ ಕೂತಿದ್ದಾಳೆ, ಎಲ್ಲಿದ್ದರೂ ಕೂಡಲೇ ಬೂತಿಗೆ ಬನ್ನಿ ಎಂದು ಮೈಕು ಎರಡನೆಯ ಸಲ ಹೇಳುತ್ತಿತ್ತು.

"ಏಂಟೂ, ಏರಾಡೂ, ಪಪ್ಪೂ ಔರ್ ಏಲೂ! ಜಹಾಂ ಭೀ ಹೋಂ, ಫೌರನ್ ಪೊಲೀಸ್ ಬೂತ್ ಪರ್ ಆಯೇಂ! ಆಪ್ ಕೀ ಛೋಟೀ ಬಹನ್ ಯಹಾಂ ಬೈಠೀ ಹೈ!"

"ಎಂಟು ಎರಡು ಅಂತಿದಾನೆ ಕಣ್ರೀ," ಎಂದು ಶಾರದೆ ಅಳುತ್ತಾ ನಕ್ಕಳು. "ನಮ್ಮ ಗಾಡಿ ನಂಬರು!"

ಬೂತಿನಲ್ಲಿ ಚಿನ್ನು ಮೇಜಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ನಮ್ಮನ್ನು ನೋಡಿದಮೇಲೆ ಅಳಲು ಶುರು ಮಾಡಿದಳು. ಶಾರದೆ ಎತ್ತಿಕೊಳ್ಳಲು ಹೋದರೆ, ದಪ್ಪ ಮೀಸೆಯ ಹರಿಯಾಣದ ಹವಾಲ್ದಾರ ನಡುವೆ ಕೈ ಅಡ್ಡ ಹಿಡಿದ.

"ಬಾಕೀ ಚಾರ್ ಬಚ್ಚೇ ಕಹಾಂ ಹೈಂ?"

ಉಳಿದ ನಾಲ್ಕು ಮಕ್ಕಳು ಎಲ್ಲಿ ಎಂಬ ಪ್ರಶ್ನೆಗೆ ನಾನು ಬೆಬ್ಬೆಬ್ಬೆ ಎಂದೆ. ಯಾರ ಜೊತೆ ಬಂದೆ ಎಂದು ಅವನು ಮಗುವನ್ನು ಕೇಳಿದ್ದನಂತೆ. ಅಮ್ಮ ಹೇಳಿಕೊಟ್ಟಂತೆ ಇವಳು ಗಾಡಿಯ ನಂಬರು ಒಪ್ಪಿಸಿದ್ದಳು. ಪ್ರತಿ ಬೀದಿಯಲ್ಲೂ ಬಂಟೂ, ಚಿಂಟೂ, ಗುಡ್ಡೂ ಇರುವ ಊರಿನಲ್ಲಿ ಏಂಟೂ ಮತ್ತು ಏಲೂ ಇರಬಾರದೇಕೆ? ಪೈಪು ಪಪ್ಪುವಾದಮೇಲಂತೂ ಅವನಿಗೆ ಯಾವ ಸಂಶಯವೂ ಉಳಿದಿರಲಿಲ್ಲ.

ಅವು ಹೆಸರುಗಳಲ್ಲ, ನಮ್ಮ ಭಾಷೆಯ ಅಂಕಿಗಳು, ನಮ್ಮ ಗಾಡಿಯ ನಂಬರು ಎಂದು ವಿವರಿಸಿದೆ. ಎಷ್ಟು ನಂಬರು ಎಂದ. ಎಂಟು ಎರಡು ಆರು ಏಳು ಎಂದು ಹಿಂದಿಯಲ್ಲಿ ಹೇಳಿದೆ. ಅವನು ಬೆರಳು ಮಡಿಸಿಕೊಂಡು ಮತ್ತೆ ಮಗುವಿನ ಕೈಲಿ ಹೇಳಿಸಿದ. ಆಮೇಲೆ ನನ್ನನ್ನು ದುರುಗುಟ್ಟಿ ನೋಡಿದ.

"ಕೌನ್ ಸೀ ಭಾಷಾ ಮೇಂ ಪಪ್ಪೂ ಗಿನತೀ ಹೋತೀ ಹೈ, ಜೀ?"

ಪಪ್ಪು ಎಂಬ ಅಂಕಿ ಯಾವ ಭಾಷೆಯಲ್ಲಿದೆ? ನ್ಯಾಯವಾದ ಪ್ರಶ್ನೆ. ಮಕ್ಕಳನ್ನು ಕದಿಯುವವರ ಕಾಲ, ಯಾರೋ ಬಂದು ಮಗು ತನ್ನದು ಎಂದರೆ ಕೊಟ್ಟುಬಿಡಲಾಗುತ್ತದೆಯೇ? ಮಗು ನಮ್ಮನ್ನು ನೋಡಿ ಅಳುತ್ತಿತ್ತು ಬೇರೆ. ಗಾಡಿ ತೋರಿಸಿ ಎಂದ. ಒಬ್ಬ ಮಹಿಳಾ ಪೇದೆ ಚಿನ್ನುವನ್ನು ಎತ್ತಿಕೊಂಡಳು. ನಾವು ಗಂಡ ಹೆಂಡತಿ ಅಪರಾಧಿಗಳಂತೆ ಮುಂದೆ ನಡೆದೆವು.

ಪಾರ್ಕಿಂಗಿನವನು ಗಾಡಿಯನ್ನು ಯಥಾಪ್ರಕಾರ ಎಲ್ಲಿಗೋ ತಳ್ಳಿದ್ದ. ಸಾಲು ಸಾಲು ಬಿಳಿ ಕಾರುಗಳ ನಡುವೆ ನಾನು ತಡಕಾಡುತ್ತಿದ್ದರೆ, ಚಿನ್ನು ಪೇದೆಯ ಕಂಕುಳಿಂದಲೇ ಕೈ ಚಾಚಿ, "ವೋ ರಹೀ!" ಎಂದಳು. ಕೆಳಗಿಳಿದು, ಗಾಡಿಯ ಮುಂದೆ ನಿಂತು, ಒಂದೊಂದನ್ನೇ ಮುಟ್ಟಿ ಒಪ್ಪಿಸಿದಳು. ಎಂಟು. ಎರಡು. ಪೈಪನ್ನು ಗಟ್ಟಿಯಾಗಿ ಹಿಡಿದು, ಪೈಪು. ಏಳು.

ಹವಾಲ್ದಾರ ಟೊಪ್ಪಿಗೆ ತೆಗೆದು, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಪೈಪಿನ ಹಿಂದೆ ಇಣುಕಿದ. "ಛೇ!" ಎಂದ.

ಹಿಂದಿಯಲ್ಲಿ ಅದು ಆರು. ಕನ್ನಡದಲ್ಲಿ ಅದು ಏನೆಂದು ನಿಮಗೆ ಗೊತ್ತು. ನನಗೆ ಎರಡೂ ಭಾಷೆಯಲ್ಲಿ ಒಟ್ಟಿಗೇ ಕೇಳಿಸಿತು.

ಮಗಳನ್ನು ಶಾರದೆಯ ಕೈಗೆ ಕೊಟ್ಟ. ತನ್ನ ಬಿಸ್ಕತ್ತಿನ ಪೊಟ್ಟಣದಲ್ಲಿ ಉಳಿದದ್ದನ್ನೂ ಕೊಟ್ಟ. ಆಮೇಲೆ ಬಹಳ ಮೆತ್ತಗೆ, ಸಾಹೇಬರೇ, ನಾಳೆ ಈ ಗಾಡಿ ಯಾರನ್ನಾದರೂ ಗುದ್ದಿ ಓಡಿಹೋದರೆ ನೋಡಿದವನು ನನಗೆ ಬಂದು ಪಪ್ಪು ಎನ್ನಬೇಕೇ ಎಂದು ಹಿಂದಿಯಲ್ಲಿ ಕೇಳಿದ. ಟ್ರಾಫಿಕ್ಕಿನವನನ್ನು ಕರೆದು ಚಲಾನು ಬರೆಸಿದ. ಎಲ್ಲಿ ಕೆಲಸ ಎಂದು ಕೇಳಿದಾಗ ನಾನು "ಸರ್ಕಾರಿ" ಎಂದಷ್ಟೇ ಹೇಳಿದೆ. ಯಾವ ಕಚೇರಿ ಎಂದು ಅವನು ಕೇಳಲಿಲ್ಲ. ಅವನ ಮಕ್ಕಳು ನೂರು ವರ್ಷ ಚೆನ್ನಾಗಿರಲಿ.

ಮನೆಗೆ ಬಂದವನೇ ಸ್ಪ್ಯಾನರ್ ತೆಗೆದುಕೊಂಡು ಗಾರ್ಡು ಬಿಚ್ಚಲು ಕೂತೆ. ನಟ್ಟುಗಳು ತುಕ್ಕು ಹಿಡಿದಿದ್ದವು, ಕೈಯ ಚರ್ಮ ಕಿತ್ತುಹೋಯಿತು. ಇನ್ನೂ ಬಿಸಿಲಿತ್ತು. ಚಿನ್ನು ಕೊನೆಯ ಮೆಟ್ಟಿಲ ಮೇಲೆ ಹೊಸ ಸ್ವೆಟರು ತೊಟ್ಟು ಕೂತಿದ್ದಳು. ಆ ಗಲಾಟೆಯಲ್ಲೂ ಶಾರದೆ ಸ್ವೆಟರನ್ನು ಮಾತ್ರ ಬಿಟ್ಟುಬಂದಿರಲಿಲ್ಲ.

ಗಾರ್ಡು ಕಳಚಿ ಪಕ್ಕಕ್ಕಿಟ್ಟೆ. ಪೈಪಿನ ಮರೆಯಲ್ಲಿ ಬಿಸಿಲು ತಾಗದೆ ಉಳಿದಿದ್ದ ಆರು, ಮಿಕ್ಕ ಅಂಕಿಗಳಿಗಿಂತ ಕಪ್ಪಗೆ, ಹೊಸದಾಗಿ ಕಾಣುತ್ತಿತ್ತು. ಚಿನ್ನು ಎದ್ದು ಬಂದು ಅದರ ಮೇಲೆ ಬೆರಳಾಡಿಸಿದಳು. ಅಳಿಸಿಹೋಗುತ್ತದೋ ಎಂದು ಉಗುರಿನಿಂದ ಕೆರೆದೂ ನೋಡಿದಳು.

"ಅಪ್ಪಾ, ಯೇ ಪೆಹಲೇ ಸೇ ಥಾ?"

"ಹೂಂ. ಮೊದಲಿಂದ ಇತ್ತು."

"ನಿಂಗೆ ಗೊತ್ತಿತ್ತಾ?" ಈ ಸಲ ಕನ್ನಡದಲ್ಲೇ ಕೇಳಿದಳು.

"ಗೊತ್ತಿತ್ತು."

"ಫಿರ್ ನಂಗೆ ಯಾಕೆ ಹೇಳಿಲ್ಲ?"

ಕಚೇರಿಯಲ್ಲಿ ನಾನು ಎಂಥೆಂಥ ಪ್ರಶ್ನೆಗಳಿಗೋ ಉತ್ತರ ತಯಾರಿಸಿದವನು. ವಿಷಯ ಪರಿಶೀಲನೆಯಲ್ಲಿದೆ ಎಂದು ವರ್ಷಗಟ್ಟಲೆ ತಳ್ಳಿದವನು. ಪೈಪು ಎಂದಾಗ ನಾವೆಲ್ಲ ನಕ್ಕದ್ದು ಯಾಕೆಂದು ಅವಳಿಗೆ ಈಗ ಗೊತ್ತಾಗಿಹೋಗಿತ್ತು. ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ನಾನು ಸ್ಪ್ಯಾನರ್ ಕೆಳಗಿಟ್ಟು ನೆಲದ ಮೇಲೆ ಕೂತೆ.

"ತಪ್ಪಾಯ್ತು ಕಂದಾ," ಎಂದೆ.

ಅವಳು ಪರವಾಗಿಲ್ಲ ಎನ್ನಲಿಲ್ಲ. "ಇದಕ್ಕೆ ಏನಂತಾರೆ?" ಎಂದು ಕೇಳಿದಳು.

"ಆರು."

"ಪಕ್ಕಾ?"

"ಪಕ್ಕಾ."

ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ನನ್ನನ್ನು ಬಳಸಿಕೊಂಡು, ತಾನು ಎಂದೂ ಹೋಗದಿದ್ದ ಗಾಡಿಯ ಹಿಂಬದಿಗೆ, ಮೆಹಂದಿ ಬೇಲಿಗೂ ಡಿಕ್ಕಿಗೂ ನಡುವಿನ ಸಂದಿಯಲ್ಲಿ ನುಸುಳಿದಳು. ಅಲ್ಲಿನ ಪ್ಲೇಟಿಗೆ ಯಾವ ಪೈಪೂ ಅಡ್ಡವಿರಲಿಲ್ಲ. ಒಂದೊಂದೇ ಅಂಕಿಯನ್ನು ಮೆಲ್ಲಗೆ ಓದಿಕೊಳ್ಳುವುದು ಕೇಳಿಸುತ್ತಿತ್ತು. ನಾನು ಏಳದೆ ಅಲ್ಲೇ ಕಾದೆ.

"ಇದೆ," ಎಂದಳು ಹಿಂದಿನಿಂದ.